ಜೀಬ್ರಾ ಹಾವರ್ಥಿಯಾ: ಮೂರಿಂಚಿನ ಗಿಡ ಕೊನೆಗೆ ಎಷ್ಟು ದೊಡ್ಡದಾದೀತು?

ಪ್ರಶ್ನೆ: ಹೋದ ವರ್ಷ ಗೆಳತಿಯ ಗೃಹಪ್ರವೇಶಕ್ಕೆ ಹೋದಾಗ ಬಂದವರಿಗೆಲ್ಲ ಪಿಂಗಾಣಿ ಬಟ್ಟಲಿನಲ್ಲಿ ಒಂದೊಂದು ಪುಟ್ಟ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡ) ಕೊಟ್ಟರು. ನನಗೆ ಸಿಕ್ಕಿದ್ದು ಹಸಿರು ಎಲೆಯ ಮೇಲೆ ಬಿಳಿ ಪಟ್ಟೆ ಇರುವ ಗಿಡ. ಚೀಟಿಯಲ್ಲಿ ‘ಹಾವರ್ಥಿಯಾ ಫ್ಯಾಸಿಯೇಟಾ – ಜೀಬ್ರಾ ಪ್ಲಾಂಟ್’ ಎಂದಿತ್ತು. ಬಂದಾಗ ಮೂರಿಂಚು ಎತ್ತರ ಇತ್ತು, ಈಗಲೂ ಮೂರಿಂಚೇ. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇನೆ, ವಾರಕ್ಕೊಮ್ಮೆ ಎರಡು ಚಮಚ ನೀರು ಹಾಕುತ್ತೇನೆ. ನಮ್ಮ ಅತ್ತೆ ದಿನಾ ನೋಡಿ, “ಇದು ಖರೇ ಗಿಡಾನೋ, ಪ್ಲಾಸ್ಟಿಕ್ಕೋ?” ಎಂದು ನಗುತ್ತಾರೆ. ಇದು ಕೊನೆಗೆ ಎಷ್ಟು ದೊಡ್ಡದಾಗುತ್ತದೆ? ದೊಡ್ಡ ಕುಂಡಕ್ಕೆ ಹಾಕಿ ಗೊಬ್ಬರ ಕೊಟ್ಟರೆ ಬೇಗ ಬೆಳೆಯುತ್ತದೆಯೇ? ಅಡುಗೆಮನೆಯ ಪೂರ್ವದ ಕಿಟಕಿಕಟ್ಟೆ ಹತ್ತಿಂಚು ಅಗಲ ಇದೆ. ಇದನ್ನೂ ಒಂದು ಜೇಡ್ ಗಿಡವನ್ನೂ ಅಲ್ಲಿಡುವ ಆಸೆ. ಜಾಗ ಸಾಕಾದೀತೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಅಳತೆ ಹೇಳಿಬಿಡುತ್ತೇನೆ. ಮನೆಯೊಳಗೆ ಚೆನ್ನಾಗಿ ಬಂದ ಜೀಬ್ರಾ ಹಾವರ್ಥಿಯಾದ ಒಂದು ಎಲೆಗುಚ್ಛ ಸುಮಾರು 10ರಿಂದ 13 ಸೆಂಟಿಮೀಟರ್ ಎತ್ತರ, 10ರಿಂದ 15 ಸೆಂಟಿಮೀಟರ್ ಅಗಲಕ್ಕೆ ಬಂದು ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ನಾಲ್ಕೈದು ಇಂಚು. ನಿಮ್ಮದು ಈಗಲೇ ಮೂರಿಂಚು ಇದೆ ಅಂದರೆ, ತನ್ನ ಪೂರ್ಣ ಎತ್ತರದ ಅರ್ಧಕ್ಕಿಂತ ಹೆಚ್ಚನ್ನು ಮುಗಿಸಿಕೊಂಡೇ ಅದು ನಿಮ್ಮ ಮನೆಗೆ ಬಂದಿದೆ. ಬುಡದಿಂದ ಬಿಡಿಸಿದ ಮರಿ ಪೂರ್ಣ ಗಾತ್ರಕ್ಕೆ ಬರಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಉಳಿದ ಒಂದೆರಡು ಇಂಚಿಗೆ ನೀವು ಇನ್ನೂ ಎರಡು ಮೂರು ವರ್ಷ ಕಾಯಬೇಕು, ಅದೂ ಎಲ್ಲ ಅನುಕೂಲ ಇದ್ದರೆ.

ಅಷ್ಟಕ್ಕೆ ಬೆಳವಣಿಗೆ ಮುಗಿಯಿತು ಎಂದಲ್ಲ. ಆಮೇಲೆ ಇದು ಮೇಲಕ್ಕೆ ಹೋಗುವುದು ಬಿಟ್ಟು ಅಕ್ಕಪಕ್ಕಕ್ಕೆ ಹರಡುತ್ತದೆ. ಬಾಳೆಯ ಬುಡದಲ್ಲಿ ಕಂದು ಏಳುವ ಹಾಗೆ ತಾಯಿಗಿಡದ ಸುತ್ತ ಮರಿಗಳು ಏಳುತ್ತವೆ, ಆ ಮರಿಗಳಿಗೂ ಮರಿ. ಅಗಲವಾದ, ತಗ್ಗು ಕುಂಡದಲ್ಲಿ ಮುಟ್ಟದೆ ಬಿಟ್ಟರೆ ಹಲವು ವರ್ಷಗಳಲ್ಲಿ ಒಂದು ಅಡಿ ಅಗಲದ ಗುಂಪಾಗುವುದೂ ಉಂಟು. ಆಗಲೂ ಅದರ ಎತ್ತರ ನಾಲ್ಕೈದು ಇಂಚೇ. ಆದ್ದರಿಂದ ಈ ಗಿಡದ ಗಾತ್ರ ಕೇಳುವವರಿಗೆ ನಾನು ಎತ್ತರ ಮರೆತುಬಿಡಿ ಎನ್ನುತ್ತೇನೆ. ಅಳೆಯಬೇಕಾದ್ದು ಅಗಲ ಮತ್ತು ಎಣಿಸಬೇಕಾದ್ದು ಮರಿ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಇದು ಏಕಾಏಕಿ ಎತ್ತರ ಆಗತೊಡಗಿದರೆ ಸಂತೋಷಪಡಬೇಡಿ. ಬೆಳಕು ಸಾಲದಿದ್ದಾಗ ಗಿಡ ಬೆಳಕನ್ನು ಹುಡುಕಿಕೊಂಡು ಸೊರಗಿ ಉದ್ದವಾಗುತ್ತದೆ: ಎಲೆ ತೆಳ್ಳಗಾಗಿ, ಒಂದರಿಂದ ಒಂದು ದೂರ ಸರಿದು, ಬಿಗಿಯಾಗಿದ್ದ ಗುಚ್ಛ ಬಿಚ್ಚಿಕೊಳ್ಳುತ್ತದೆ. ಹಾಗೆ ಉದ್ದವಾದ ಎಲೆ ಮತ್ತೆ ಗಿಡ್ಡ ಆಗುವುದಿಲ್ಲ. ಬೆಳಕಿಗೆ ತಂದ ಮೇಲೆ ನಡುವಿನಿಂದ ಹೊಸದಾಗಿ ಹುಟ್ಟುವ ಎಲೆಗಳಷ್ಟೇ ಸರಿಯಾದ ಅಳತೆಯಲ್ಲಿ ಬರುತ್ತವೆ. ಹಳೆಯವು ಒಣಗಿ ಬೀಳುವ ತನಕ ಗಿಡ ವಿಚಿತ್ರವಾಗಿಯೇ ಕಾಣುತ್ತದೆ. ಒಂದು ವರ್ಷದಲ್ಲಿ ಎರಡು ಪಟ್ಟು ಎತ್ತರವಾದ ಹಾವರ್ಥಿಯಾಕ್ಕಿಂತ ಒಂದು ವರ್ಷದಲ್ಲಿ ಅಲುಗದ ನಿಮ್ಮ ಗಿಡವೇ ಮೇಲು.

ಚೀಟಿಯ ವಿಷಯಕ್ಕೆ ಬರೋಣ. ನರ್ಸರಿಗಳಲ್ಲಿ ಫ್ಯಾಸಿಯೇಟಾ ಎಂದು ಮಾರುವ ಬಹುಪಾಲು ಗಿಡಗಳು ನಿಜಕ್ಕೂ ಅದರ ಹತ್ತಿರದ ಬಂಧು ಅಟೆನ್ಯುಯೇಟಾ. ಪರೀಕ್ಷೆ ಸುಲಭ. ಎಲೆಯ ಒಳಮೈ, ಅಂದರೆ ಗುಚ್ಛದ ನಡುಭಾಗದ ಕಡೆಗೆ ಮುಖ ಮಾಡಿರುವ ಮೈ ಮೇಲೆ ಬೆರಳಾಡಿಸಿ. ನುಣುಪಾಗಿದ್ದರೆ ಫ್ಯಾಸಿಯೇಟಾ, ಅಲ್ಲೂ ಬಿಳಿ ಗಂಟುಗಳು ತರಿತರಿಯಾಗಿ ಸಿಕ್ಕರೆ ಅಟೆನ್ಯುಯೇಟಾ. ನಿಮ್ಮದು ಎರಡನೆಯದೇ ಇರಬಹುದು ಎಂದು ನನ್ನ ಊಹೆ. ಗಾತ್ರದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವೇನಿಲ್ಲ, ಅಟೆನ್ಯುಯೇಟಾದ ಎಲೆ ಸ್ವಲ್ಪ ಉದ್ದ, ಹೊರಕ್ಕೆ ಚಾಚಿರುತ್ತದೆ. ಹೆಸರೂ ಬದಲಾಗಿದೆ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಏಡ್ರಿಯನ್ ಹಾವರ್ತ್ ಅವರ ಗೌರವಕ್ಕಾಗಿ 1809ರಲ್ಲಿ ಹಾವರ್ಥಿಯಾ ಎಂಬ ಕುಲದ ಹೆಸರು ಬಂತು. ಗಟ್ಟಿ ಎಲೆಯ ಈ ಬಗೆಗಳನ್ನು 2013ರಲ್ಲಿ ಬೇರ್ಪಡಿಸಿ ಹಾವರ್ಥಿಯಾಪ್ಸಿಸ್ ಎಂದು ಕರೆದರು. ಅಂಗಡಿಯವರು ಹಳೆಯ ಹೆಸರನ್ನೇ ಹೇಳುತ್ತಾರೆ, ನಾನೂ ಅದನ್ನೇ ಬಳಸುತ್ತೇನೆ. ಲೋಳೆಸರದ ಕುಟುಂಬಕ್ಕೇ ಸೇರಿದ್ದು ಇದು. ಹಾಗೆಂದು ಲೋಳೆ ತೆಗೆದು ಮುಖಕ್ಕೆ ಹಚ್ಚಲು ಹೋಗಬೇಡಿ.

ಇಷ್ಟು ನಿಧಾನ ಯಾಕೆ? ಇದರ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯ. ಅಲ್ಲಿ ಕುರುಚಲು ಪೊದೆಗಳ ಬುಡದಲ್ಲಿ, ಹುಲ್ಲಿನ ಮರೆಯಲ್ಲಿ, ಕಲ್ಲುಗಳ ಸಂದಿಯಲ್ಲಿ ಅಡಗಿಕೊಂಡು ಬದುಕುತ್ತದೆ. ಮೇಲೆದ್ದರೆ ಬಿಸಿಲಿಗೂ ಮೇಯುವ ಪ್ರಾಣಿಗಳಿಗೂ ಸಿಕ್ಕಿಬೀಳುವ ಜಾಗದಲ್ಲಿ ಗಿಡ್ಡಗಿರುವುದೇ ಕ್ಷೇಮ. ಹಾವರ್ಥಿಯಾಗಳ ದಪ್ಪ ಬೇರುಗಳು ಸಂಕುಚಿಸಿ ಗಿಡವನ್ನು ಮಣ್ಣಿನೊಳಕ್ಕೆ ಎಳೆದುಕೊಳ್ಳುತ್ತವೆ ಕೂಡ. ಹೊಸ ಎಲೆ ಬಂದರೂ ಕುಂಡದಿಂದ ಮೇಲೆ ಕಾಣುವ ಎತ್ತರ ಬದಲಾಗದೆ ಇರಲು ಇದೂ ಒಂದು ಕಾರಣ.

ಒಳಗಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಮಾವು, ಮಲ್ಲಿಗೆಯಂಥ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅದೇ ಹೊತ್ತಿನಲ್ಲಿ ನೀರೂ ಆವಿಯಾಗಿ ಹೋಗುತ್ತದೆ. ಹಾವರ್ಥಿಯಾ ಹಗಲೆಲ್ಲ ರಂಧ್ರ ಮುಚ್ಚಿಕೊಂಡಿದ್ದು ರಾತ್ರಿ ತೆರೆಯುತ್ತದೆ. ಎಳೆದುಕೊಂಡ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಜೀವಕೋಶದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬೆಳಕಿನ ಬಲದಿಂದ ಸಕ್ಕರೆಯಾಗಿಸುತ್ತದೆ. ರಾತ್ರಿ ಕೂಡಿಡಲು ಜಾಗ ಇರುವಷ್ಟೇ ಮರುದಿನದ ದುಡಿಮೆ. ನೀರು ಉಳಿಯುತ್ತದೆ, ಬೆಳವಣಿಗೆ ಮಾತ್ರ ಆಮೆವೇಗ. ರಾತ್ರಿ ತಂಪಾಗಿದ್ದರೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಬೆಂಗಳೂರು, ಮೈಸೂರು, ಧಾರವಾಡದ ತಂಪು ರಾತ್ರಿಗಳಲ್ಲಿ ಇದು ಹಾಯಾಗಿರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್–ಮೇ ತಿಂಗಳ ಸೆಕೆಗೆ ಬಹುತೇಕ ನಿದ್ದೆಗೆ ಜಾರುತ್ತದೆ. ಆಗ ಬೆಳೆಯುತ್ತಿಲ್ಲ ಎಂದು ನೀರು ಹೆಚ್ಚು ಹಾಕಿದರೆ ಬೇರು ಕೊಳೆಯುತ್ತದೆ, ಅಷ್ಟೆ.

ಈಗ ನಿಮ್ಮ ಗಿಡ. ಅದು ಬೆಳೆಯುತ್ತಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ನಡುವಿನಲ್ಲಿ ಒಂದು ಎಲೆ ಹುಟ್ಟುವಾಗ ಬುಡದಲ್ಲಿ ಒಂದು ಒಣಗುತ್ತದೆ. ಹಾಗಾಗಿ ವರ್ಷವಿಡೀ ಬದುಕಿ ಬಾಳಿದರೂ ಗಾತ್ರ ಅಷ್ಟೇ ಇದ್ದಂತೆ ಕಾಣಬಹುದು. ಇಂದೇ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆಯಿರಿ. ಹೊರಗಿನ ಒಂದು ಎಲೆಯ ತುದಿಗೆ ಪೆನ್ನಿನಿಂದ ಸಣ್ಣ ಚುಕ್ಕೆ ಇಡಿ. ಮೂರು ತಿಂಗಳಿಗೊಮ್ಮೆ ಅದೇ ಕೋನದಲ್ಲಿ ಮತ್ತೆ ಫೋಟೋ. ಚುಕ್ಕೆಯ ಎಲೆ ಹೊರಹೊರಗೆ ಸರಿದು, ನಡುವಿನಲ್ಲಿ ತಿಳಿಹಸಿರು ಮೊನೆ ಹೊಸದಾಗಿ ಕಂಡರೆ ಗಿಡ ಬೆಳೆಯುತ್ತಿದೆ. ಅತ್ತೆಯವರಿಗೂ ತೋರಿಸಿ. ಆರೋಗ್ಯವಂತ ಗಿಡ ಕೂಡ ವರ್ಷಕ್ಕೆ ಬೆರಳೆಣಿಕೆಯಷ್ಟು ಎಲೆ ಬಿಡುತ್ತದೆ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಹಾಗಿದ್ದರೂ ನೀವು ಬರೆದದ್ದನ್ನು ಓದಿದರೆ ನಿಮ್ಮ ಗಿಡ ಬರೀ ನಿಧಾನವಾಗಿಲ್ಲ, ಪೂರ್ತಿ ನಿಂತೇಹೋಗಿರಬಹುದು ಎನಿಸುತ್ತದೆ. ಮೂರು ಸಂಶಯಗಳಿವೆ. ಟಿವಿ ಪಕ್ಕದ ಜಾಗ, ಎರಡು ಚಮಚ ನೀರು, ತೂತಿಲ್ಲದ ಬಟ್ಟಲು.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ನಂಬಿಕೆಗೆ ಅರ್ಹವಲ್ಲ. ಬೆಳಕನ್ನು ಅಳೆಯುವ ಮಾನ ಲಕ್ಸ್. ನೇರ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿರುತ್ತದೆ, ಬಯಲಿನ ನೆರಳಿನಲ್ಲಿ 10,000ದ ಆಸುಪಾಸು. ಚೆನ್ನಾಗಿ ಬೆಳಗಿದ ಕಚೇರಿಯ ಮೇಜಿನ ಮೇಲೆ ಇರುವುದು 300ರಿಂದ 500 ಲಕ್ಸ್ ಮಾತ್ರ. ಹಾಲ್‌ನ ಟಿವಿ ಮೂಲೆ ಅದಕ್ಕಿಂತಲೂ ಕತ್ತಲು. ನಮಗೆ ಪೇಪರ್ ಓದಲು ಸಾಲುವ ಬೆಳಕು ಇದಕ್ಕೆ ಉಪವಾಸ. ಹಾವರ್ಥಿಯಾ ಕಡಿಮೆ ಬೆಳಕಿನ ಗಿಡ ಎಂದು ಮಾರುತ್ತಾರಲ್ಲ, ಅದು ಅರ್ಧ ಸತ್ಯ. ಕಡಿಮೆ ಬೆಳಕಿನಲ್ಲಿ ಅದು ಸಾಯುವುದಿಲ್ಲ, ಆದರೆ ಸರಿಯಾಗಿ ಬೆಳೆಯುವುದೂ ಇಲ್ಲ. ದಿನಕ್ಕೆ ನಾಲ್ಕೈದು ಗಂಟೆ ಕೆಲವು ಸಾವಿರ ಲಕ್ಸ್ ಸಿಕ್ಕರೆ ಮಾತ್ರ ಹೊಸ ಎಲೆ ಬರುತ್ತದೆ. ನಿಮ್ಮ ಅಡುಗೆಮನೆಯ ಪೂರ್ವದ ಕಿಟಕಿ ಅದಕ್ಕೆ ಹೇಳಿಮಾಡಿಸಿದ ಜಾಗ: ಬೆಳಗ್ಗೆ ಒಂದೆರಡು ಗಂಟೆ ಎಳೆಬಿಸಿಲು, ಆಮೇಲೆ ಬರೀ ಬೆಳಕು.

ಹೊರದೇಶದ ವಿಡಿಯೋಗಳಲ್ಲಿ ದಕ್ಷಿಣದ ಕಿಟಕಿಯೇ ಶ್ರೇಷ್ಠ ಎನ್ನುತ್ತಾರೆ. ಅದು ಯುರೋಪಿಗೆ, ಅಮೆರಿಕಕ್ಕೆ ಸರಿ. ಹುಬ್ಬಳ್ಳಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಿಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆ ದಿನಗಳಲ್ಲಿ ಬಿಸಿಲು ಬೀಳುವುದು ಉತ್ತರದ ಕಿಟಕಿಗೆ. ದಕ್ಷಿಣದ ಕಿಟಕಿಗೆ ಓರೆಯಾಗಿ ಒಳಗೆ ಬರುವುದು ನವೆಂಬರ್‌ನಿಂದ ಜನವರಿವರೆಗಿನ ಚಳಿಗಾಲದ ಬಿಸಿಲು. ಪಶ್ಚಿಮದ ಕಿಟಕಿ ಮಾತ್ರ ಬೇಡವೇ ಬೇಡ, ಮಾರ್ಚ್–ಏಪ್ರಿಲ್‌ನ ಸಂಜೆ ನಾಲ್ಕರ ಬಿಸಿಲಿಗೆ ಎಲೆಯ ತುದಿ ಸುಟ್ಟುಹೋಗುತ್ತದೆ.

ಒಂದು ವರ್ಷ ಮಬ್ಬಿನಲ್ಲಿದ್ದ ಗಿಡವನ್ನು ಒಮ್ಮೆಲೇ ಕಿಟಕಿಗೆ ತರಬೇಡಿ. ಮೊದಲ ವಾರ ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರ, ಮುಂದಿನ ವಾರ ಇನ್ನಷ್ಟು ಹತ್ತಿರ, ಆಮೇಲೆ ಕಟ್ಟೆಗೆ. ಎಲೆ ಇಟ್ಟಿಗೆ ಕೆಂಪು ಅಥವಾ ನೇರಳೆ ಛಾಯೆಗೆ ತಿರುಗಿದರೆ ಬಿಸಿಲು ಜಾಸ್ತಿಯಾಯಿತು ಎಂದರ್ಥ. ಅದು ರೋಗವಲ್ಲ, ಬಿಸಿಲಿನಿಂದ ಕಾಪಾಡಿಕೊಳ್ಳಲು ಗಿಡವೇ ಮಾಡಿಕೊಂಡ ಬಣ್ಣ. ತುಸು ಹಿಂದಕ್ಕೆ ಸರಿಸಿದರೆ ಹಸಿರು ವಾಪಸ್ಸಾಗುತ್ತದೆ. ಒಲೆಯ ಪಕ್ಕದ ಕಿಟಕಿಯಾದರೆ ಒಗ್ಗರಣೆಯ ಎಣ್ಣೆಹೊಗೆ ಎಲೆಗೆ ಅಂಟಿ, ಅದರ ಮೇಲೆ ಧೂಳು ಕೂರುತ್ತದೆ. ಗಂಟುಗಂಟಾದ ಈ ಎಲೆಯನ್ನು ಬಟ್ಟೆಯಿಂದ ಒರೆಸಲಾಗದು, ಮಕ್ಕಳ ಪೇಂಟಿಂಗ್ ಬ್ರಷ್ ಒದ್ದೆ ಮಾಡಿ ಉಜ್ಜಿ.

ಎರಡು ಚಮಚ ನೀರಿನ ಬಗ್ಗೆ ನನ್ನ ತಕರಾರು ಇದೆ. ಸಕ್ಯುಲೆಂಟ್ ಎಂದರೆ ಸ್ವಲ್ಪವೇ ನೀರು ಎಂದು ಎಲ್ಲರೂ ತಿಳಿದಿದ್ದಾರೆ. ಸರಿಯಾದದ್ದು ಅಪರೂಪಕ್ಕೆ, ಆದರೆ ಹೊಟ್ಟೆತುಂಬ. ಎರಡು ಚಮಚ ಹಾಕಿದರೆ ಮೇಲಿನ ಅರ್ಧ ಇಂಚು ಮಾತ್ರ ನೆನೆಯುತ್ತದೆ. ಕೆಳಗಿನ ಬೇರುಗಳು ಒಣಗಿ ಸಾಯುತ್ತವೆ. ಬೇರಿಲ್ಲದ ಗಿಡ ಎಲೆಯಲ್ಲಿದ್ದ ನೀರನ್ನೇ ಉಂಡು ತಿಂಗಳುಗಟ್ಟಲೆ ಹಾಗೇ ನಿಂತಿರಬಲ್ಲದು. ಸತ್ತಿದೆಯೋ ಬದುಕಿದೆಯೋ ಗೊತ್ತಾಗುವುದಿಲ್ಲ. ಕುಂಡದ ತಳದ ತೂತಿನಿಂದ ನೀರು ಹರಿಯುವ ತನಕ ಹಾಕಿ, ಪೂರ್ತಿ ಸೋರಲು ಬಿಟ್ಟು, ಮತ್ತೆ ಮಣ್ಣು ತಳದವರೆಗೆ ಒಣಗುವ ತನಕ ಮುಟ್ಟಬೇಡಿ. ಒಣಗಿದೆಯೇ ಎಂದು ತಿಳಿಯಲು ಉರಿದು ಮುಗಿದ ಊದುಬತ್ತಿಯ ಕಡ್ಡಿ ಸಾಕು. ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ, ಕಡ್ಡಿಗೆ ತೇವವಾಗಲಿ ಮಣ್ಣಾಗಲಿ ಅಂಟಿದ್ದರೆ ಇನ್ನೂ ಕಾಯಿರಿ. ಹುಬ್ಬಳ್ಳಿಯ ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಬೇಕಾಗಬಹುದು. ಇದು ಅಂದಾಜು, ತೀರ್ಪು ಕೊಡುವುದು ಕಡ್ಡಿಯೇ. ಮಂಗಳೂರು, ಉಡುಪಿ ಕಡೆಯವರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಕಡಿಮೆ. ಅಲ್ಲಿ ಗಾಳಿಯಾಡದ ಮೂಲೆಯಲ್ಲಿಟ್ಟರೆ ಮಣ್ಣು ಒಣಗುವುದೇ ಇಲ್ಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಮಣ್ಣಿನ ಮೇಲೆ ಬಿಳಿ ಪದರ ಕೂರುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು.

ಬೇರು ಇದೆಯೇ ಎಂದು ಈಗಲೇ ಪರೀಕ್ಷಿಸಿ. ಗುಚ್ಛವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಬಿಗಿಯಾಗಿದ್ದರೆ ಬೇರು ಕ್ಷೇಮ. ಬುಗುರಿಯ ಹಾಗೆ ತಿರುಗಿದರೆ ಬೇರು ಹೋಗಿದೆ. ಗಾಬರಿ ಬೇಡ, ಹಾವರ್ಥಿಯಾ ಹೊಸ ಬೇರು ಬಿಡುವುದರಲ್ಲಿ ಗಟ್ಟಿಗ. ಹೊರತೆಗೆದು, ಕಂದುಬಣ್ಣದ ಟೊಳ್ಳು ಬೇರುಗಳನ್ನೂ ಒಣಗಿದ ಎಲೆಗಳನ್ನೂ ಕಿತ್ತು, ಮೂರ್ನಾಲ್ಕು ದಿನ ನೆರಳಿನಲ್ಲಿ ಒಣಗಲು ಬಿಡಿ. ಒಣ ಮಿಶ್ರಣದಲ್ಲಿ ಕೂರಿಸಿ, ವಾರ ಕಳೆದ ಮೇಲೆ ನೀರು ಹಾಕಿ. ಹೊರತೆಗೆದಾಗ ಬೇರಿನ ಸುತ್ತ ಹತ್ತಿಯಂಥ ಬಿಳಿ ಚೂರುಗಳು ಕಂಡರೆ ಅದು ಬೇರಿನ ಹಿಟ್ಟು ತಿಗಣೆ. ಬೆಳವಣಿಗೆ ನಿಲ್ಲಲು ಅದೂ ಒಂದು ಕಾರಣ, ಮೇಲಿನಿಂದ ನೋಡಿದರೆ ತಿಳಿಯುವುದೇ ಇಲ್ಲ. ಬೇರನ್ನು ಪೂರ್ತಿ ತೊಳೆದು, ಹಳೆಯ ಮಣ್ಣನ್ನು ಎಸೆದು, ಬೇವಿನೆಣ್ಣೆಯ ದ್ರಾವಣದಲ್ಲಿ ಅದ್ದಿ ಒಣಗಿಸಿ.

ಮಣ್ಣಿನ ವಿಷಯದಲ್ಲಿ ನಿಮ್ಮ ಕಡೆಯವರಿಗೆ ವಿಶೇಷ ಎಚ್ಚರಿಕೆ. ಹೊಲದ ಎರೆಮಣ್ಣು ಹತ್ತಿಗೆ, ಬಿಳಿಜೋಳಕ್ಕೆ ಬಂಗಾರ. ಇದಕ್ಕೆ ಒಂದು ಹಿಡಿಯೂ ಬೇಡ. ನೀರು ಹಿಡಿದಿಟ್ಟು ಬೇರನ್ನು ಕೊಳೆಸುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಕಲ್ಲಿನ ಹರಳು) ಎರಡು ಪಾಲು, ಜರಡಿ ಹಿಡಿದು ತೊಳೆದ ದಪ್ಪ ಮರಳು ಒಂದು ಪಾಲು, ಮಸಾರಿ ಮಣ್ಣಿಗೆ ಹಳೆಯ ಎರೆಗೊಬ್ಬರ ಬೆರೆಸಿದ್ದು ಒಂದು ಪಾಲು, ಇಷ್ಟು ಸಾಕು. ನರ್ಸರಿಯಿಂದ ಬಂದ ಗಿಡದ ಬುಡದಲ್ಲಿ ಸಾಮಾನ್ಯವಾಗಿ ಬರೀ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ ಇರುತ್ತದೆ. ಅದು ಒಮ್ಮೆ ಪೂರ್ತಿ ಒಣಗಿದರೆ ಗಟ್ಟಿಯಾಗಿ, ಹಾಕಿದ ನೀರು ಬದಿಯಿಂದ ಜಾರಿಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಅದನ್ನು ಬಿಡಿಸಿ ತೆಗೆಯಿರಿ.

ದೊಡ್ಡ ಕುಂಡ ಹಾಕಿದರೆ ಬೇಗ ಬೆಳೆಯುತ್ತದೆಯೇ ಎಂದರೆ, ಇಲ್ಲ. ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಕೊಳೆತ ಶುರುವಾಗುತ್ತದೆ. ಮೂರಿಂಚಿನ ಗಿಡಕ್ಕೆ ನಾಲ್ಕಿಂಚು ಬಾಯಿಯ, ತೂತಿರುವ, ಬಣ್ಣ ಬಳಿಯದ ಮಣ್ಣಿನ ಕುಂಡ ಸರಿ. ಆಳಕ್ಕಿಂತ ಅಗಲ ಮುಖ್ಯ. ಉಡುಗೊರೆಯ ಪಿಂಗಾಣಿ ಬಟ್ಟಲು ಚೆಂದ ಅನ್ನಿಸಿದರೆ ಸಣ್ಣ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಅದರೊಳಗೆ ಕೂರಿಸಿ, ನೀರು ಹಾಕುವಾಗ ಹೊರತೆಗೆಯಿರಿ. ಗೊಬ್ಬರವೂ ವೇಗ ಕೊಡುವುದಿಲ್ಲ. ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ ಗೊಬ್ಬರ) ಸಿಕ್ಕರೆ ಲೀಟರಿಗೆ ಅರ್ಧ ಗ್ರಾಂ, ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಅಕ್ಟೋಬರ್‌ನಲ್ಲಿ. ಸಾರಜನಕ ಹೆಚ್ಚಾದರೆ ಎಲೆ ಉಬ್ಬಿ ಮೆತ್ತಗಾಗುತ್ತದೆ, ನೋಡಲು ದೊಡ್ಡದು, ಮುಟ್ಟಿದರೆ ಪಿಚಕ್. ಬೇರು ಹೋದ ಗಿಡಕ್ಕಂತೂ ಗೊಬ್ಬರದ ಮಾತೇ ಬೇಡ.

ಬೆಳಕು ಸಿಕ್ಕ ಮೇಲೆ ಒಂದು ದಿನ ನಡುವಿನಿಂದ ತೆಳ್ಳನೆಯ ಕಡ್ಡಿ ಎದ್ದು ಗಿಡಕ್ಕಿಂತ ಎರಡು ಮೂರು ಪಟ್ಟು ಉದ್ದ, ಒಂದಡಿಯವರೆಗೂ ಹೋಗಬಹುದು. ಅದು ಹೂಗೊಂಚಲಿನ ಕಡ್ಡಿ. ಹೂ ಬಿಳಿ, ಕಂದು ಗೆರೆಯ, ಅಕ್ಕಿಕಾಳಿಗಿಂತ ತುಸು ದೊಡ್ಡದು. ಅಂಥ ಚೆಂದವೇನಿಲ್ಲ ಎಂಬುದು ನನ್ನ ಅಭಿಪ್ರಾಯ. ಭೂತಾಳೆ ಹೂಬಿಟ್ಟ ಮೇಲೆ ಸಾಯುವುದನ್ನು ಕಂಡವರು ಇದೂ ಸಾಯುತ್ತದೆಂದು ಹೆದರಿ ಕೇಳುತ್ತಾರೆ. ಹಾವರ್ಥಿಯಾ ಸಾಯುವುದಿಲ್ಲ. ಒಣಗಿದ ಮೇಲೆ ಕಡ್ಡಿ ಕತ್ತರಿಸಿ. ಮರಿಗಳು ತಾಯಿಯ ಮೂರನೇ ಒಂದು ಭಾಗ ಆದಾಗ, ಸ್ವಂತ ಬೇರು ಕಂಡಾಗ ಬಿಡಿಸಬಹುದು. ನಾನಾದರೆ ಬಿಡಿಸದೆ ಗುಂಪಾಗಲು ಬಿಡುತ್ತೇನೆ. ಕಾಡುಬಸಳೆಯಂತೆ ಒಂದು ಎಲೆ ಬಿದ್ದಲ್ಲಿ ಹತ್ತು ಗಿಡ ಏಳುವ ಜಾತಿ ಇದಲ್ಲ. ಎಲೆಯಿಂದ ಗಿಡ ಮಾಡುವುದು ಸಾಧ್ಯ, ಆದರೆ ಬಹುಪಾಲು ಎಲೆಗಳು ಕೊಳೆಯುತ್ತವೆ.

ಕೊನೆಗೆ ನಿಮ್ಮ ಕಿಟಕಿಕಟ್ಟೆ. ಹತ್ತಿಂಚು ಅಂದರೆ 25 ಸೆಂಟಿಮೀಟರ್. ಹಾವರ್ಥಿಯಾಕ್ಕೆ ಆರಿಂಚಿನ ಜಾಗ ಬಿಟ್ಟರೆ ಒಂದು ಪೂರ್ಣ ಗುಚ್ಛಕ್ಕೆ ಧಾರಾಳ, ಗಾಜಿನಿಂದ ಎರಡಿಂಚು ದೂರ ಇಡಲೂ ಆಗುತ್ತದೆ. ಮೊದಲ ಸುತ್ತಿನ ಮರಿಗಳನ್ನೂ ಆ ಕಟ್ಟೆ ಹಿಡಿಸುತ್ತದೆ. ತೊಂದರೆ ಕೊಡುವುದು ಜೇಡ್. ಅಂಗಡಿಯಲ್ಲಿ ಎರಡೂ ಒಂದೇ ಅಳತೆಯ ಕುಂಡದಲ್ಲಿ ಒಂದೇ ಬೆಲೆಗೆ ಸಿಗುತ್ತವೆ, ಆದರೆ ಜೇಡ್ ಪೊದೆಯ ಜಾತಿ. ವರ್ಷಗಳು ಕಳೆದಂತೆ ಕಾಂಡ ದಪ್ಪಗಾಗಿ ಒಂದು ಮೀಟರ್ ದಾಟಬಲ್ಲದು, ನೇರ ಬಿಸಿಲನ್ನೂ ಇದಕ್ಕಿಂತ ಹೆಚ್ಚು ಬೇಡುತ್ತದೆ. ಮೊದಲ ಎರಡು ಮೂರು ವರ್ಷ, ತುದಿ ಚಿವುಟುತ್ತಾ ಇದ್ದರೆ, ಎರಡೂ ಅಲ್ಲಿರಲಿ. ಆಮೇಲೆ ಜೇಡ್ ಅನ್ನು ಬಾಲ್ಕನಿಗೋ ಮೆಟ್ಟಿಲ ಪಕ್ಕಕ್ಕೋ ಕಳಿಸಿ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಇನ್ನೊಂದು ಕಾರಣವೂ ಇದೆ: ಹಾವರ್ಥಿಯಾ ಅವುಗಳಿಗೆ ವಿಷವಲ್ಲ, ಜೇಡ್ ತಿಂದರೆ ವಾಂತಿಯಾಗುತ್ತದೆ.